ಏಳನೇ ಅಂಕಣದ ಹನ್ನೆರಡು ಹೋರಿಗಳು

ಬೆಳಗಿನ ಐದಕ್ಕೆ ಇನ್ನೂ ಹತ್ತು ನಿಮಿಷವಿದೆ. ಬೊಸುತ್ ನದಿಯ ಕಡೆಯಿಂದ ಎದ್ದ ಮಾರ್ಚ್ ತಿಂಗಳ ಮಂಜು ಕೊಟ್ಟಿಗೆಯ ತಗಡಿನ ಮಾಡಿನ ಕೆಳಕ್ಕೂ ನುಗ್ಗಿದೆ. ಯಾನ್ಯಾ ಬಾಲೆಂಟಿಚ್ ಉದ್ದನೆಯ ಗೋದಲಿಯ ಮೇಲೆ ಬಗ್ಗಿ, ನಿನ್ನೆಯ ಮೇವಿನಲ್ಲಿ ಉಳಿದದ್ದನ್ನು ಕೈಯಿಂದ ಬಳಿದು ಮೂಸಿ ನೋಡುತ್ತಾರೆ. ಅಲ್ಲೊಂದು ಇಲ್ಲೊಂದು ಹಿಡಿ ಉಳಿದಿದ್ದರೆ ಸರಿ. ಗೋದಲಿಯನ್ನು ನೆಕ್ಕಿ ಒಣಗಿಸಿದ್ದರೆ ಹೋರಿಗಳು ಹಸಿದಿವೆ ಎಂದರ್ಥ, ಹಸಿದದ್ದು ಮುಂದಿನ ಮೇವನ್ನು ಗಬಗಬನೆ ನುಂಗುತ್ತದೆ. ತುಂಬ ಉಳಿದಿದ್ದರೆ ಇನ್ನೂ ಕೆಟ್ಟದ್ದು.

ಆಮೇಲೆ ಸೆಗಣಿಯ ಸರದಿ. ರಬ್ಬರ್ ಬೂಟಿನ ತುದಿಯಿಂದ ಅದನ್ನು ಹರಡಿ, ಟಾರ್ಚಿನ ಬೆಳಕು ಬಿಟ್ಟು, ಕಾಳು ಹಾಗೇ ಬಂದಿದೆಯೇ, ನೊರೆ ಇದೆಯೇ, ಬಣ್ಣ ಬೂದಿಗೆ ತಿರುಗಿದೆಯೇ ಎಂದು ನೋಡುತ್ತಾರೆ. ಮೂರನೆಯದಾಗಿ ಮಲಗಿರುವ ಹೋರಿಗಳ ಬಾಯಿ. ಹತ್ತರಲ್ಲಿ ಆರಾದರೂ ಮೆಲುಕು ಹಾಕುತ್ತಿರಬೇಕು.

"ಮುಖ ನೋಡಿ ಏನೂ ಹೇಳೋಕಾಗಲ್ಲ. ಹೋರಿ ಮುಖ ಖುಷೀಲೂ ಒಂದೇ, ಸಾಯೋವಾಗ್ಲೂ ಒಂದೇ. ಹಿಂದುಗಡೆ ಏನು ಬಿದ್ದಿದೆ ಅಂತ ನೋಡ್ಬೇಕು" ಎನ್ನುತ್ತಾರೆ ಅವರು, ಬೂಟನ್ನು ಸಿಮೆಂಟಿನ ಅಂಚಿಗೆ ಒರೆಸುತ್ತ. "ನಮ್ಮ ಯಜಮಾನ್ರು ಹೇಳ್ತಾರೆ, ಮದುವೆ ಆಗಿ ಮೂವತ್ತು ವರ್ಷ ಆಯ್ತು, ನನ್ನ ಮುಖಕ್ಕಿಂತ ಹೋರಿ ಸೆಗಣೀನೇ ಜಾಸ್ತಿ ನೋಡಿದೀಯ ಅಂತ. ಸುಳ್ಳಲ್ಲ ಬಿಡಿ."

ಯಾನ್ಯಾ ಅವರಿಗೀಗ ಐವತ್ತೆಂಟು. ಸ್ತಾರಿ ಯಾಸೆನ್ ಊರಾಚೆಯ ಈ ಕೊಬ್ಬಿಸುವ ಕೇಂದ್ರದಲ್ಲಿ ಮೂವತ್ತೊಂದು ವರ್ಷದಿಂದ ಮೇವು ಹಾಕುವವರು. ಎಡಗೈ ತೋರುಬೆರಳು ಗೇಟಿನ ಸಂದಿಗೆ ಸಿಕ್ಕಿ ಚಪ್ಪಟೆಯಾಗಿದೆ. ನಾಲ್ಕು ಕೊಟ್ಟಿಗೆ, ಇವತ್ತಿನ ಲೆಕ್ಕಕ್ಕೆ ನಾನೂರ ಹದಿನಾರು ಹೋರಿ, ದಿನಕ್ಕೆ ಎಂಟು ಟನ್ನಿಗೂ ಹೆಚ್ಚು ಮೇವು. ಒಂದು ಪಾಳಿಯಲ್ಲಿ ಅವರು ನಡೆಯುವುದು ಹನ್ನೊಂದು ಕಿಲೋಮೀಟರು. ನಮ್ಮ ಕಡೆ ಭಾನುವಾರದ ಕೆಂಪು ಸಾರಿಗೆ ಬೀಳುವ ಎಳೆಹೋರಿಯ ಮಾಂಸವನ್ನು ಮೆತ್ತಗಿದೆ, ಚೆನ್ನಾಗಿದೆ ಎಂದು ಚಪ್ಪರಿಸುವವರಲ್ಲಿ ಇವರ ಹೆಸರು ಕೇಳಿದವರು ಯಾರೂ ಇಲ್ಲ.

ಕರುಗಳು ಇಲ್ಲಿಗೆ ಬರುವಾಗ ಇನ್ನೂರ ಮೂವತ್ತು ಕಿಲೋ ತೂಗುತ್ತವೆ. ಇನ್ನೂರ ನಲವತ್ತು ದಿನ ಇದ್ದು, ದಿನಕ್ಕೆ ಒಂದೂಕಾಲು ಕಿಲೋ ಚಿಲ್ಲರೆಯಂತೆ ಬೆಳೆದು, ಐನೂರೈವತ್ತು ದಾಟಿದಾಗ ಲಾರಿ ಹತ್ತುತ್ತವೆ. ಯಾವುದು ಹತ್ತಬೇಕು, ಯಾವುದು ಇನ್ನೆರಡು ವಾರ ನಿಲ್ಲಬೇಕು ಎಂದು ಹೇಳುವವರು ಯಾನ್ಯಾ. ಕೊನೆಯ ಪಕ್ಕೆಲುಬಿನ ಮೇಲೆ ಅಂಗೈ ಊರುತ್ತಾರೆ, ಬಾಲದ ಬುಡವನ್ನು ಎರಡು ಬೆರಳಿಂದ ಹಿಸುಕುತ್ತಾರೆ, ಎದೆಯ ಜೋಲನ್ನು ಮುಂಗೈಯಿಂದ ತೂಗುತ್ತಾರೆ.

"ಮೊದಲು ಬೆಳೆಯೋದು ಮೂಳೆ. ಅದಾದ್ಮೇಲೆ ಮಾಂಸ. ಕೊಬ್ಬು ಕಡೇಗೆ. ಈ ಸಾಲು ತಪ್ಪಿಸೋಕೆ ಯಾರ ಕೈಲೂ ಆಗಲ್ಲ. ಬೇಗ ಕಳಿಸಿದ್ರೆ ಮಾಂಸ ಒಣಕಲು, ಗಾಳಿಗೆ ಕಪ್ಪಾಗತ್ತೆ. ತಡ ಮಾಡಿದ್ರೆ ತಿಂದಿದ್ದೆಲ್ಲ ಕೊಬ್ಬಾಗತ್ತೆ. ಬಂದ ಹೊಸದ್ರಲ್ಲಿ ಆರು ಕಿಲೋ ತಿಂದು ಒಂದು ಕಿಲೋ ಬೆಳೆಯತ್ತೆ. ಕೊನೆಕೊನೇಗೆ ಹತ್ತು ಕಿಲೋ ತಿಂದ್ರೂ ಒಂದು ಕಿಲೋ ಆಗಲ್ಲ, ಆಗಿದ್ದನ್ನೂ ಕಸಾಯಿಖಾನೇಲಿ ಚಾಕು ತಗೊಂಡು ಕೆತ್ತಿ ಬಿಸಾಕ್ತಾರೆ. ಹಾಗಾಗಿ ದಿನ ಗೊತ್ತಿರ್ಬೇಕು."

ಅವರ ಮಾತಿಗೆ ಪುರಾವೆ ಪಟ್ಟಣದ ಕಸಾಯಿಖಾನೆಯಲ್ಲಿದೆ. ಅಲ್ಲಿ ಕಳೇಬರಗಳಿಗೆ ದರ್ಜೆ ಕೊಡುವವರು ನೆವೆಂಕಾ ಹೊರ್ವತಿನ್. ತೂಗುಹಾಕಿದ ಅರ್ಧ ಕಳೇಬರದ ಮೈಕಟ್ಟಿಗೆ ಒಂದು ಅಕ್ಷರ, ಕೊಬ್ಬಿನ ಹೊದಿಕೆಗೆ ಒಂದರಿಂದ ಐದರವರೆಗೆ ಒಂದು ಅಂಕಿ; ಮೂರು ಎಂದರೆ ಸರಿಯಾದ ಹದ. "ಯಾನ್ಯಾ ಕಳಿಸಿದ ಲಾಟು ಬಂದ್ರೆ ನನಗೆ ಕೆಲಸಾನೇ ಇರಲ್ಲ, ಮೂರು, ಮೂರು, ಮೂರು ಅಂತ ಬರ್ಕೊಂಡು ಹೋಗೋದಷ್ಟೇ" ಎಂದರು ನೆವೆಂಕಾ ನನಗೆ ಫೋನಿನಲ್ಲಿ. ಆಮೇಲೆ ತಾವೇ, "ಒಂದು ಸಲ ಬಿಟ್ಟು" ಎಂದರು.

ನಾನು ಸ್ತಾರಿ ಯಾಸೆನ್‌ಗೆ ಹೋದದ್ದು ಆ ಒಂದು ಸಲದ ಕಾರಣಕ್ಕೆ.

ಯುದ್ಧ ಮುಗಿದು, ಹೊಲಗಳಲ್ಲಿ ನೆಲಬಾಂಬಿದೆ ಎಂಬ ಎಚ್ಚರಿಕೆಯ ಹಗ್ಗಗಳು ಇನ್ನೂ ಕಟ್ಟಿದ್ದಾಗಲೇ ಯಾನ್ಯಾ ಇಲ್ಲಿ ಕೆಲಸಕ್ಕೆ ಸೇರಿದರು. ಮೇವಿನ ವಿದ್ಯೆ ಕಲಿಸಿದವರು ಆದಮ್ ಲುಕಾಚೆವಿಚ್. ಆದಮ್ ಮೇವು ಕಲಸುವ ಗಾಡಿಯ ಚಾಲಕ. ಹುದುಗಿಸಿಟ್ಟ ರಸಮೇವು ಎಷ್ಟು, ಮುಸುಕಿನ ಜೋಳದ ನುಚ್ಚು ಎಷ್ಟು, ಹುಲ್ಲು ಎಷ್ಟು ಎಂದು ತೂಗಿ ತುಂಬುವುದು ಅವರ ಕೆಲಸ, ತುಂಬಿದ್ದನ್ನು ಗೋದಲಿಗೆ ಹಂಚುವುದು ಯಾನ್ಯಾ ಕೆಲಸ. ಯಾನ್ಯಾ ಅವರ ಮಗಳ ದೀಕ್ಷಾಸ್ನಾನದ ದಿನ ಮೇಣದಬತ್ತಿ ಹಿಡಿದು ಧರ್ಮತಂದೆಯಾಗಿ ನಿಂತವರೂ ಆದಮ್. ಅಂದಿನಿಂದ ಒಬ್ಬರಿಗೊಬ್ಬರು ಕೂಮ, ಕೂಮಾ. ನಮ್ಮಲ್ಲಿ ಅದು ರಕ್ತಸಂಬಂಧಕ್ಕೆ ಏನೂ ಕಡಿಮೆಯಲ್ಲ.

ಕರುಗಳು ಹುಲ್ಲು ತಿಂದು ಬೆಳೆದು ಬರುತ್ತವೆ. ಅವುಗಳ ಹೊಟ್ಟೆಗೆ ಕಾಳು ಹೊಸದು. ಆದ್ದರಿಂದ ಮೊದಲ ದಿನ ನೂರಕ್ಕೆ ಮೂವತ್ತು ಪಾಲು ಕಾಳು, ಉಳಿದದ್ದು ಹುಲ್ಲು ಮತ್ತು ರಸಮೇವು. ನಾಲ್ಕೈದು ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪ ಏರಿಸಿ, ಪೂರ್ತಿ ಮಟ್ಟಕ್ಕೆ ಬರಲು ಇಪ್ಪತ್ತೊಂದು ದಿನ. ಆದಮ್ ಇದನ್ನು ಎಲ್ಲೂ ಓದಿ ಕಲಿತವರಲ್ಲ. ಅವರ ಹಿಂದಿನವರು ಹಾಗೆ ಮಾಡುತ್ತಿದ್ದರು, ಇವರೂ ಮಾಡಿದರು.

ನಾಲ್ಕು ವರ್ಷದ ಹಿಂದೆ, ಸೆಪ್ಟೆಂಬರಿನಲ್ಲಿ ಮೇವಿನ ಸಲಹೆಗಾರರಾಗಿ ಡಾಕ್ಟರ್ ದಾಮಿರ್ ಬಂದರು. ಕೆಟ್ಟ ಮನುಷ್ಯನೇನಲ್ಲ ಎಂದು ಯಾನ್ಯಾ ಈಗಲೂ ಹೇಳುತ್ತಾರೆ. ಕೊಟ್ಟಿಗೆಗೆ ಬರುವಾಗ ಎಲ್ಲರಿಗೂ ಬಿಸ್ಕತ್ತು ತರುತ್ತಿದ್ದರಂತೆ. ಅವರ ಪಟ್ಟಿಯ ಪ್ರಕಾರ ಕಾಳಿನ ಪಾಲು ಎಂಬತ್ತೈದಕ್ಕೆ ಏರಬೇಕು, ಅದೂ ಆರೇ ದಿನದಲ್ಲಿ. ಹಾಗಾದರೆ ಹೋರಿ ದಿನಕ್ಕೆ ಒಂದು ಕಿಲೋ ಎಂಟುನೂರು ಗ್ರಾಂ ಬೆಳೆದು, ಇನ್ನೂರ ನಲವತ್ತರ ಬದಲು ನೂರ ಎಂಬತ್ತು ದಿನಕ್ಕೇ ಅದೇ ಐನೂರೈವತ್ತು ಮುಟ್ಟುತ್ತದೆ. ಕಾಗದದ ಮೇಲೆ ಲೆಕ್ಕ ಸರಿಯಾಗಿಯೇ ಇತ್ತು.

ಅಂದಿನ ಮಾತುಕತೆ ಯಾನ್ಯಾ ಅವರಿಗೆ ಅಕ್ಷರಕ್ಷರ ನೆನಪಿದೆ.

"ಡಾಕ್ಟ್ರೇ, ಆರು ದಿನಕ್ಕೆ ಹೊಟ್ಟೆ ಒಗ್ಗಲ್ಲ."

"ಯಾಕಮ್ಮ, ನೀವು ಹೊಟ್ಟೆ ಒಳಗೆ ಹೋಗಿ ನೋಡಿದೀರಾ?"

ಆಗ ಆದಮ್ ಗಾಡಿಯ ಮೇಲಿಂದಲೇ ಕೂಗಿದರಂತೆ, "ಅವಳು ಒಳಗೆ ಹೋಗಿಲ್ಲ ಡಾಕ್ಟ್ರೇ, ಆದ್ರೆ ಹೊರಗೆ ಬಂದಿದ್ದನ್ನ ನಿಮಗಿಂತ ಜಾಸ್ತಿ ನೋಡಿದಾಳೆ!" ಎಲ್ಲರೂ ನಕ್ಕರು. ಡಾಕ್ಟರೂ ನಕ್ಕರು. ಪಟ್ಟಿ ಮಾತ್ರ ಬದಲಾಗಲಿಲ್ಲ.

ಅಕ್ಟೋಬರಿನಲ್ಲಿ ಮೂರನೇ ಕೊಟ್ಟಿಗೆಗೆ ತೊಂಬತ್ತಾರು ಹೊಸ ಕರುಗಳು ಬಂದವು. ಪಟ್ಟಿಯಂತೆಯೇ ಮೇವು ಏರಿತು. ಆರನೇ ದಿನ, ಶನಿವಾರ ಬೆಳಿಗ್ಗೆ, ಯಾನ್ಯಾ ಅವರ ಬೂಟಿಗೆ ಬೂದು ಬಣ್ಣದ ನೊರೆ ಹತ್ತಿತು. ಹುಳಿ ವಾಸನೆ. ಮಲಗಿದ್ದ ಹೋರಿಗಳಲ್ಲಿ ಮೆಲುಕು ಹಾಕುತ್ತಿದ್ದದ್ದು ಮೂರೋ ನಾಲ್ಕೋ. ಮೇನೇಜರಿಗೆ ಫೋನ್ ಮಾಡಿದರು. "ಡಾಕ್ಟರ್ ಅಂಕಿ ಮುಟ್ಟಬೇಡ, ಸೋಮವಾರ ಅವರು ಬರ್ತಾರೆ" ಎಂಬ ಉತ್ತರ ಬಂತು.

"ನಾನು ಮುಟ್ಟಲಿಲ್ಲ" ಎನ್ನುತ್ತಾರೆ ಯಾನ್ಯಾ. "ಶನಿವಾರ ಹಾಕ್ದೆ. ಭಾನುವಾರ ಚರ್ಚಿಗೆ ಹೋಗಿ ಬಂದು ಮತ್ತೆ ಹಾಕ್ದೆ. ಗೊತ್ತಿದ್ದೂ ಹಾಕ್ದೆ. ಇದನ್ನ ಬರೀರಿ."

ಸೋಮವಾರ ಮೂವತ್ತೊಂದು ಹೋರಿ ಏಳಲಿಲ್ಲ. ಕಣ್ಣು ಗುಳಿ ಬಿದ್ದು, ಹಿಂಗಾಲಲ್ಲಿ ಹೊಟ್ಟೆ ಒದ್ದುಕೊಳ್ಳುತ್ತ, ಹಲ್ಲು ಕಡಿಯುತ್ತ ಬಿದ್ದಿದ್ದವು. ಒಂದೇ ಸಲ ಅಷ್ಟು ಕಾಳು ಬಿದ್ದ ಹೊಟ್ಟೆ ಒಳಗೇ ಹುಳಿತು ಸುಡುತ್ತದೆ. ಸುಟ್ಟ ಗೋಡೆಯಿಂದ ಆ ಹುಳಿ ರಕ್ತಕ್ಕೆ ಇಳಿಯುತ್ತದೆ. ಯಾನ್ಯಾ ಮತ್ತು ಆದಮ್ ಯಾರನ್ನೂ ಕೇಳದೆ ಗೋದಲಿಯ ಮೇವನ್ನೆಲ್ಲ ಬಾಚಿ ಹೊರಗೆಸೆದು, ಒಣಹುಲ್ಲು ತುಂಬಿ, ಊರಿನ ಅಂಗಡಿಯ ಅಡುಗೆ ಸೋಡಾ ಅಷ್ಟನ್ನೂ ತಂದು ನೀರಿಗೆ ಕದಡಿ, ಬಾಟಲಿಯಲ್ಲಿ ಒಂದೊಂದಕ್ಕೂ ಕುಡಿಸಿದರು. ಪಶುವೈದ್ಯರು ಬಂದು ಸೂಜಿಮದ್ದು ಚುಚ್ಚಿದರು. ಗುರುವಾರದ ಹೊತ್ತಿಗೆ ಹನ್ನೊಂದು ಸತ್ತಿದ್ದವು. ಉಳಿದ ಎಂಬತ್ತೈದು ಮುಂದೆ ಕಸಾಯಿಖಾನೆಗೆ ಹೋದಾಗ ನಲವತ್ತರ ಯಕೃತ್ತಿನಲ್ಲಿ ಕೀವುಗಡ್ಡೆ. ನೆವೆಂಕಾ ಹೇಳಿದ ಆ ಒಂದು ಸಲ ಅದೇ.

ಡಿಸೆಂಬರಿನಲ್ಲಿ ವಿಮೆಯವರ ವಿಚಾರಣೆ ನಡೆಯಿತು. ಪಟ್ಟಿಯೇ ತಪ್ಪಾಗಿದ್ದರೆ ಹೊಣೆ ಕೇಂದ್ರದ್ದು. ಕಲಸುವವನು ತಪ್ಪು ತೂಗಿದ್ದರೆ ಅದು ಆಕಸ್ಮಿಕ, ಪರಿಹಾರ ಸಿಗುತ್ತದೆ. ಯಾವ ಉತ್ತರ ಕೇಂದ್ರಕ್ಕೂ ಡಾಕ್ಟರಿಗೂ ಅನುಕೂಲ ಎಂಬುದು ಕೋಣೆಯೊಳಗೆ ಕೂತವರಿಗೆ ಗೊತ್ತಿತ್ತು, ಹೊರಗೆ ಬೆಂಚಿನ ಮೇಲೆ ಟೋಪಿ ಹಿಡಿದು ಕೂತ ಆದಮ್‌ಗೆ ಗೊತ್ತಿರಲಿಲ್ಲ. ಯಾನ್ಯಾ ತಮ್ಮ ನೋಟುಪುಸ್ತಕ ತೆಗೆದುಕೊಂಡು ಒಳಗೆ ಹೋದರು. ದಿನದಿನದ ತೂಕ ಅದರಲ್ಲಿತ್ತು. ಮೇವು ಹಾಕುವವಳು ಪೆನ್ಸಿಲಿನಲ್ಲಿ ಬರೆದದ್ದು ದಾಖಲೆಯಾಗುವುದಿಲ್ಲ ಎಂದರು. ಬದಲಿಗೆ ಒಂದು ಪ್ರಶ್ನೆ ಕೇಳಿದರು. ಆದಮ್ ಗಾಡಿಗೆ ತುಂಬುವಾಗ ನೀವು ಕಣ್ಣಾರೆ ನೋಡಿದ್ದಿರಾ?

"ಇಲ್ಲ, ನಾನು ಕೊಟ್ಟಿಗೇಲಿದ್ದೆ ಅಂದೆ. ನಿಜಾನೇ ತಾನೆ? ಅದನ್ನೇ ಟೈಪ್ ಮಾಡಿ ಮುಂದಿಟ್ರು. 'ಗಾಡಿಗೆ ಏನು ಎಷ್ಟು ತುಂಬಿದರೆಂದು ನಾನು ಕಣ್ಣಾರೆ ಕಂಡಿಲ್ಲ.' ಸಹಿ ಹಾಕ್ದೆ. ಆ ಒಂದು ಸಾಲು ಸಾಕಾಯ್ತು ಅವರಿಗೆ."

ಆದಮ್ ಕೆಲಸ ಹೋಯಿತು. ನಮ್ಮ ಪತ್ರಿಕೆಯ ಏಳನೇ ಪುಟದಲ್ಲಿ ಆರು ಸಾಲಿನ ಸುದ್ದಿ ಬಂತು, 'ನೌಕರನ ತಪ್ಪಿನಿಂದ ಹನ್ನೊಂದು ಹೋರಿಗಳ ಸಾವು' ಎಂದು. ಅದನ್ನು ಬರೆದವನು ನಾನೇ. ಕೇಂದ್ರದ ಕಚೇರಿಗೆ ಫೋನ್ ಮಾಡಿ, ಅವರು ಹೇಳಿದ್ದನ್ನು ಕೇಳಿ, ಹೆಸರಿನ ಕಾಗುಣಿತ ಸರಿಯಾಗಿದೆಯೇ ಎಂದು ವಿಚಾರಿಸಿ ಬರೆದಿದ್ದೆ. ಆದಮ್ ಲುಕಾಚೆವಿಚ್‌ಗೆ ಫೋನ್ ಮಾಡಿರಲಿಲ್ಲ.

ಊರು ಚಿಕ್ಕದು. ಮೂವತ್ತೆಂಟು ವರ್ಷ ಮೇವು ಕಲಸಿದ ಮನುಷ್ಯನಿಗೆ ವಾರದೊಳಗೆ ಕೆಟ್ಟ ಹೆಸರು ಬಂತು. ಪಾನಗೃಹದಲ್ಲಿ ಆದಮ್ ಕೂತರೆ ಯಾರಾದರೊಬ್ಬ, "ಲೇ, ಆದಮ್ ಕೈಲಿ ಸೂಪಿಗೆ ಉಪ್ಪು ಹಾಕಿಸ್ಬೇಡ್ರೋ, ಊರಿಗೂರೇ ಮಲಗಿಬಿಟ್ಟೀತು" ಎನ್ನುವನು. ತಮಾಷೆಗೇ ಅಂದದ್ದು. ಎರಡು ತಿಂಗಳಾದ ಮೇಲೆ ಆದಮ್ ಅಲ್ಲಿಗೆ ಹೋಗುವುದನ್ನು ಬಿಟ್ಟರು. ಬೇರೆ ಕೇಂದ್ರಗಳಲ್ಲಿ ಕೆಲಸ ಕೇಳಿದರು, ಎಲ್ಲರೂ ಸುದ್ದಿ ಓದಿದ್ದರು.

ತಮ್ಮ ಸಹಿಯ ವಿಷಯವನ್ನು ಯಾನ್ಯಾ ತಾವಾಗಿಯೇ ಆದಮ್‌ಗೆ ಹೇಳಿದರು, ಅವರ ಮನೆಯ ಸೌದೆಯ ಕೊಟ್ಟಿಗೆಯಲ್ಲಿ ನಿಂತು.

"ಅವರು ಏನಂದ್ರು?" ಎಂದು ಕೇಳಿದೆ.

"ನೀನು ಸುಳ್ಳು ಬರೆದಿಲ್ಲವಲ್ಲ ಕೂಮಾ, ಅಂದ್ರು. ಅಷ್ಟೇ. ಬೈದಿದ್ರೆ ಚೆನ್ನಾಗಿತ್ತು. ಆಮೇಲೆ ರಾಕಿಯಾ ಸಾರಾಯಿ ತಂದು ಕೊಟ್ರು. ಕುಡಿದ್ವಿ. ಎವಿತ್ಸಾಗೆ ಹೇಳ್ಬೇಡ, ಅವಳು ನಿನ್ನ ಬಿಡಲ್ಲ, ಅಂದ್ರು."

ಎವಿತ್ಸಾ ಆದಮ್ ಅವರ ಹೆಂಡತಿ. ಅವರಿಗೆ ಅದು ಗೊತ್ತಾದದ್ದು ಹದಿನಾಲ್ಕು ತಿಂಗಳ ನಂತರ, ಗಂಡನ ಶವಸಂಸ್ಕಾರದ ದಿನ. ಫೆಬ್ರವರಿಯ ಒಂದು ಮಧ್ಯಾಹ್ನ ಸೌದೆ ಒಡೆಯುತ್ತಿದ್ದ ಆದಮ್ ಕೊಡಲಿ ಕೆಳಗಿಟ್ಟು ದಿಮ್ಮಿಯ ಮೇಲೆ ಕೂತರು, ಮತ್ತೆ ಏಳಲಿಲ್ಲ. ಹೃದಯ ನಿಂತಿತ್ತು. ಅರವತ್ತೊಂದು ವರ್ಷ. ಮಣ್ಣು ಮಾಡಿ ಬಂದ ಮೇಲೆ, ಊಟದ ಮೇಜಿನಲ್ಲಿ ಕೇಂದ್ರದ ಗುಮಾಸ್ತನೊಬ್ಬ ಬಾಯಿ ಜಾರಿದ. ಎವಿತ್ಸಾ ಎದ್ದು ಯಾನ್ಯಾ ಎದುರಿನ ತಟ್ಟೆಯನ್ನು ತೆಗೆದುಕೊಂಡರು. "ನನ್ನ ಮನೆ ಅನ್ನ ನಿನಗೆ ಬೇಡ. ಎದ್ದು ಹೋಗು" ಎಂದರು. ಯಾನ್ಯಾ ಎದ್ದು ಹೋದರು.

ಮೂರು ವಾರ ಕಳೆಯಿತು. ಡಾಕ್ಟರ್ ದಾಮಿರ್ ಮತ್ತೆ ಬಂದರು. ಆ ಘಟನೆಯಾದ ಮೇಲೆ ಕೇಂದ್ರ ಸದ್ದಿಲ್ಲದೆ ಹಳೆಯ ಪದ್ಧತಿಗೆ ಮರಳಿತ್ತು. ಈಗ ತೂಕವನ್ನು ತಾನೇ ಬರೆದುಕೊಳ್ಳುವ ಹೊಸ ಗಾಡಿ ಬಂದಿದೆ, ಕಲಸುವವನ ತಪ್ಪು ಇನ್ನಾಗದು, ಪಟ್ಟಿಯನ್ನು ನಾಲ್ಕೂ ಕೊಟ್ಟಿಗೆಗೆ ತರೋಣ ಎಂದರು ಡಾಕ್ಟರ್. ಮೇನೇಜರ್ ಒಪ್ಪುವ ಹಾಗಿದ್ದರು.

ಯಾನ್ಯಾ ಬೂಟು ಕಳಚಿ ಬರಿ ಕಾಲುಚೀಲದಲ್ಲಿ ಕಚೇರಿಯೊಳಗೆ ಹೋದರು. ಕೆಲಸಕ್ಕೆ ಸೇರಿದಂದಿನಿಂದ ಆ ಕೋಣೆಗೆ ಅವರು ಕಾಲಿಟ್ಟದ್ದು ನಾಲ್ಕನೇ ಸಲ.

"ನಾಲ್ಕು ಕೊಟ್ಟಿಗೆಗೆ ಬೇಡ" ಎಂದರಂತೆ. "ಹನ್ನೆರಡಕ್ಕೆ ಹಾಕಿ. ಕೊಟ್ಟಿಗೇಲಿ ಕಂಬಿ ಕಟ್ಟಿರೋ ಏಳನೇ ಅಂಕಣದಲ್ಲಿ ಹನ್ನೆರಡು, ಡಾಕ್ಟ್ರ ಪಟ್ಟಿ. ಪಕ್ಕದ ಎಂಟನೇ ಅಂಕಣದಲ್ಲಿ ಹನ್ನೆರಡು, ನಮ್ಮ ಹಳೇ ಲೆಕ್ಕ. ನಾನೇ ಹಾಕ್ತೀನಿ. ಪ್ರತಿ ದಿನ ತೂಕದ ಚೀಟಿಗೆ ಸಾರ್ ನೀವೇ ಸಹಿ ಹಾಕಿ. ತೂಕ ಸರಿ ಇದ್ದೂ ಹೋರಿ ಬಿದ್ರೆ, ಆದಮ್ ತಪ್ಪು ತೂಗಿರ್ಲಿಲ್ಲ ಅಂತ ವಿಮೆಯವರಿಗೆ ಬರೆದು ಕೊಡ್ಬೇಕು. ಈಗ್ಲೇ ಕಾಗದದ ಮೇಲೆ ಮಾತು ಕೊಡಿ."

"ಬೀಳಲ್ಲ ಬಿಡಮ್ಮ" ಎಂದರು ಡಾಕ್ಟರ್.

"ಬೀಳ್ತಾವೆ" ಎಂದರು ಯಾನ್ಯಾ. ಮೇನೇಜರ್ ಹಾಗೇ ಬರೆದು ಸಹಿ ಹಾಕಿಕೊಟ್ಟರು.

ಇಲ್ಲಿಂದ ಮುಂದಿನದನ್ನು ಹೇಳುವಾಗ ಯಾನ್ಯಾ ನನ್ನ ಕಡೆ ನೋಡುವುದಿಲ್ಲ. ನಾವು ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಕೂತಿದ್ದೇವೆ, ಏಳೂವರೆಯ ತಿಂಡಿಯ ಹೊತ್ತು. ಅವರ ಮುಂದೆ ರೊಟ್ಟಿ, ಹೊಗೆ ಹಿಡಿಸಿದ ಹಂದಿಕೊಬ್ಬು, ನಾಲ್ಕಾಗಿ ಸೀಳಿದ ಈರುಳ್ಳಿ. ಅವರು ಚಾಕುವಿನಿಂದ ಕೊಬ್ಬನ್ನು ತೆಳ್ಳಗೆ ಕೊಯ್ಯುತ್ತಾರೆ, ತಿನ್ನುವುದಿಲ್ಲ.

ಬೀಳುತ್ತವೆ ಎಂದು ಗೊತ್ತಿದ್ದೇ ಹನ್ನೆರಡು ಕರುಗಳನ್ನು ಅವರು ಕೈಯಾರೆ ಏಳನೇ ಅಂಕಣಕ್ಕೆ ಹೊಡೆದರು. ಮೊದಲ ದಿನ ಮೂವತ್ತು ಪಾಲು ಕಾಳು. ಎರಡನೇ ದಿನ ನಲವತ್ತು. ಕರುಗಳಿಗೆ ಕಾಳೆಂದರೆ ಆಸೆ. ಯಾನ್ಯಾ ಬರುವುದು ಕಂಡರೆ ಓಡಿ ಬಂದು ಗೋದಲಿಗೆ ತಲೆ ಹಾಕುತ್ತಿದ್ದವು. ಗಾಡಿಯ ಯಂತ್ರ ತೂಕ ಬರೆಯಿತು, ಮೇನೇಜರ್ ಸಹಿ ಹಾಕಿದರು. ಒಂದು ಗ್ರಾಮಿನ ವ್ಯತ್ಯಾಸವೂ ಇರಲಿಲ್ಲ.

ಐದನೇ ದಿನ ಬೂಟಿಗೆ ಅದೇ ನೊರೆ ಹತ್ತಿತು. ನಿಲ್ಲಿಸಿದರೆ ಪಟ್ಟಿ ಪೂರ್ತಿ ಆಗಲಿಲ್ಲ ಎನ್ನುತ್ತಾರೆ. ಆರನೇ ದಿನದ ಮೇವು ಬೀಳಲೇಬೇಕು. ಆ ಬೆಳಿಗ್ಗೆ ಡಾಕ್ಟರೂ ಬಂದಿದ್ದರು.

"ಡಾಕ್ಟ್ರೇ, ಬೂಟಲ್ಲಿ ಸ್ವಲ್ಪ ಕೆದಕಿ ನೋಡಿ."

"ಹೊಂದ್ಕೊಳ್ಳೋಕೆ ಅವಕ್ಕೂ ಟೈಮ್ ಬೇಕಲ್ಲಮ್ಮ."

"ನಾನೂ ಅದನ್ನೇ ಹೇಳಿದ್ದು. ಇಪ್ಪತ್ತೊಂದು ದಿನ ಬೇಕು ಅಂತ."

ಯಾನ್ಯಾ ಎಂಬತ್ತೈದು ಪಾಲು ಕಾಳಿನ ಮೇವನ್ನು ಏಳನೇ ಅಂಕಣದ ಗೋದಲಿಗೆ ಸುರಿದರು. ಸುರಿಯುವಾಗ ಒಂದು ಕರು ಅವರ ತೋಳು ನೆಕ್ಕಿತು. ಇಷ್ಟನ್ನು ಹೇಳಿ ಅವರು ಎದ್ದು ಹೋಗಿ ನಲ್ಲಿಯಲ್ಲಿ ಚಾಕು ತೊಳೆದು ಬಂದರು.

ಮರುದಿನ ಬೆಳಿಗ್ಗೆ ನಾಲ್ಕು ಬಿದ್ದಿದ್ದವು, ಉಳಿದವು ಬೆನ್ನು ಗೂನು ಮಾಡಿಕೊಂಡು ನಿಂತಿದ್ದವು. ಮೇನೇಜರ್ ಕೊಟ್ಟಿಗೆಯ ಬಾಗಿಲಲ್ಲೇ ನಿಂತು, "ಸಾಕು, ನಿಲ್ಸಿ ಯಾನ್ಯಾ, ನಿಲ್ಸಿ" ಎಂದಾಗ ಯಾನ್ಯಾ ಪಕ್ಕದಲ್ಲಿ ಸೋಡಾ ನೀರಿನ ಆರು ಬಕೆಟ್ಟುಗಳು ಆಗಲೇ ಸಿದ್ಧವಿದ್ದವು. ನಾಲ್ಕು ಗಂಟೆಗೇ ಬಂದು ಕದಡಿಟ್ಟಿದ್ದರು. ಪಶುವೈದ್ಯರಿಗೂ ಹಿಂದಿನ ದಿನವೇ ಹೇಳಿದ್ದರು. ಅಷ್ಟಾದರೂ ಎರಡು ಸತ್ತವು. ಇನ್ನೊಂದರ ಗೊರಸು ಒಳಗೇ ಕೊಳೆತು ನಿಲ್ಲಲಾರದೆ ಹೋಯಿತು, ಅದನ್ನು ಹತ್ತನೇ ದಿನ ಗುಂಡು ಹೊಡೆದು ಮುಗಿಸಬೇಕಾಯಿತು. ಗುಂಡು ಹೊಡೆಯುವಾಗ ಹಗ್ಗ ಹಿಡಿದವರು ಯಾನ್ಯಾ.

"ನಾನು ಹೋರಿಗೆ ಹೆಸರಿಡಲ್ಲ. ಇಟ್ರೆ ಕಳಿಸೋಕಾಗಲ್ಲ. ಎಲ್ಲಾ ಸಾಯೋಕೇ ಬಂದಿರೋವು, ಅದು ನನಗೆ ಗೊತ್ತಿಲ್ವ? ಮೂವತ್ತೊಂದು ವರ್ಷದಲ್ಲಿ ಸಾವಿರಾರು ಕಳಿಸಿದೀನಿ. ಆದ್ರೆ ಅಲ್ಲಿವರೆಗೆ ತಿಂದಿದ್ದು ಅರಗ್ಬೇಕು. ಅಷ್ಟು ನೋಡ್ಕೊಳ್ಳೋದಕ್ಕೇ ನನ್ನ ಇಟ್ಕೊಂಡಿರೋದು. ಆ ಹನ್ನೆರಡಕ್ಕೆ ನಾನು ಬೇಕಂತಲೇ ಹೊಟ್ಟೆ ಸುಟ್ಟೆ."

ಅವರು ಅಲ್ಲಿಗೂ ಬಿಡಲಿಲ್ಲ. ಉಳಿದ ಒಂಬತ್ತಕ್ಕೆ ವಾರ ಹುಲ್ಲು ಹಾಕಿ ಚೇತರಿಸಿ, ಮತ್ತೆ ಡಾಕ್ಟರ ಮೇವೇ ಹಾಕಿ, ನೂರ ಎಂಬತ್ತನೇ ದಿನ ತೂಗಿದರು. ಸರಾಸರಿ ನಾನೂರ ತೊಂಬತ್ತೇಳು. ಒಮ್ಮೆ ಸುಟ್ಟ ಹೊಟ್ಟೆ ಎಷ್ಟು ಒಳ್ಳೆಯ ಮೇವು ಹಾಕಿದರೂ ಹೀರುವುದಿಲ್ಲ. ಪಕ್ಕದ ಎಂಟನೇ ಅಂಕಣದ ಹನ್ನೆರಡರ ಸರಾಸರಿ ಇನ್ನೂರ ನಲವತ್ತನೇ ದಿನಕ್ಕೆ ಐನೂರ ಐವತ್ತೊಂದು. ಎರಡು ಸಲವೂ ಆಯಾ ಲಾಟಿನ ಜತೆ ಯಾನ್ಯಾ ಲಾರಿಯಲ್ಲೇ ಕಸಾಯಿಖಾನೆಗೆ ಹೋದರು. ಬಿಳಿ ಕೋಟು, ತಲೆಗೆ ಬಲೆಟೋಪಿ ಹಾಕಿಕೊಂಡು ನೆವೆಂಕಾ ಪಕ್ಕ ನಿಂತರು. ಏಳನೇ ಅಂಕಣದ ಒಂಬತ್ತರಲ್ಲಿ ಆರು ಯಕೃತ್ತು ತಿಪ್ಪೆಗೆ ಹೋದವು, ಕೊಬ್ಬು ಮೈಮೇಲೆ ಅಲ್ಲಲ್ಲಿ ತೇಪೆಯಂತೆ ಕೂತಿತ್ತು. ಎಂಟನೇ ಅಂಕಣದವು ಒಂದೇ ಸಮ, ತೆಳ್ಳನೆಯ ಬಿಳಿ ಹೊದಿಕೆ, ಹನ್ನೆರಡು ಯಕೃತ್ತೂ ಶುದ್ಧ. ನೆವೆಂಕಾ ಅಂಕಿಗಳನ್ನು ಬರೆದು, ಮೊಹರು ಒತ್ತಿ, ಕೈಗೆ ಕೊಟ್ಟರು. ಈ ಸಲ ಅದು ಪೆನ್ಸಿಲಿನದ್ದಲ್ಲ.

ಡಾಕ್ಟರ್ ದಾಮಿರ್ ಆ ಕಾಗದ ಓದಿ, ತಮ್ಮ ಪಟ್ಟಿಯನ್ನು ಚೀಲಕ್ಕೆ ಹಾಕಿಕೊಂಡು ಹೋದರು. ಹೋಗುವಾಗ ಯಾನ್ಯಾ ಕೈ ಕುಲುಕಲು ಕೈ ಚಾಚಿದರಂತೆ. "ನನ್ನ ಕೈಯೆಲ್ಲ ಸೆಗಣಿ ಡಾಕ್ಟ್ರೇ" ಎಂದರಂತೆ ಇವರು. ನಿಜಕ್ಕೂ ಸೆಗಣಿಯಾಗಿತ್ತೇ ಎಂದು ಕೇಳಿದ್ದಕ್ಕೆ ಯಾನ್ಯಾ ಈರುಳ್ಳಿಯ ಸೀಳೊಂದನ್ನು ನನ್ನ ಕಡೆ ತಳ್ಳುತ್ತಾರೆ.

ಮೇನೇಜರ್ ಮಾತು ಉಳಿಸಿಕೊಂಡರು. ವಿಮೆಯವರ ತಿದ್ದುಪಡಿ ಪತ್ರ ಬರಲು ಐದು ತಿಂಗಳು ಹಿಡಿಯಿತು. ಒಂದು ಪ್ರತಿ ಕೇಂದ್ರದ ಕಡತಕ್ಕೆ, ಇನ್ನೊಂದು ಎವಿತ್ಸಾಗೆ. ಎವಿತ್ಸಾಗೆ ಅಂಚೆಯಲ್ಲಿ ಬರುವುದು ಬೇಡವೆಂದು ಯಾನ್ಯಾ ತಾವೇ ಒಯ್ದರು. ಶವಸಂಸ್ಕಾರದ ದಿನದಿಂದ ಆ ಬಾಗಿಲು ಅವರಿಗೆ ತೆರೆದಿರಲಿಲ್ಲ. ಎವಿತ್ಸಾ ಹೊಸ್ತಿಲಲ್ಲೇ ನಿಂತು ಪತ್ರವನ್ನು ಎರಡು ಸಲ ಓದಿದರು.

"ಇದಕ್ಕೋಸ್ಕರ ಹನ್ನೆರಡು ಕರುಗಳ ಹೊಟ್ಟೆ ಸುಟ್ಟೆಯಂತೆ."

"ಹೌದು."

"ನನ್ನ ಗಂಡ ಬದುಕಿದ್ದಿದ್ರೆ ನಿನಗೆ ಉಗೀತಿದ್ದ."

"ಗೊತ್ತು."

"ಅವನು ಬದುಕಿದ್ದಾಗ ಯಾಕೆ ಮಾಡ್ಲಿಲ್ಲ?"

ಎವಿತ್ಸಾ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದು, "ಕಾಫಿ ಒಲೆ ಮೇಲಿದೆ. ಬರೋದಾದ್ರೆ ಬಾ" ಎಂದರು. ಈಗ ತಿಂಗಳಿಗೆರಡು ಸಲ ಯಾನ್ಯಾ ಅಲ್ಲಿಗೆ ಹೋಗುತ್ತಾರೆ. ಮೊದಲಿನಂತೆ ಇಲ್ಲ. ಕೂಮಾ ಎಂದು ಎವಿತ್ಸಾ ಕರೆಯುವುದಿಲ್ಲ. ಕಾಫಿ ಮಾತ್ರ ಕೊಡುತ್ತಾರೆ.

ಕೊಟ್ಟಿಗೆಯ ಗೋಡೆಗೆ ಈಗ ಒಂದು ಹಲಗೆ ಹಾಕಿದ್ದಾರೆ. ಹೊಸ ಕರುಗಳಿಗೆ ಇಪ್ಪತ್ತೊಂದು ದಿನದ ಏರಿಕೆ, ದಿನವಾರು ಪಾಲು, ಕೆಳಗೆ ಕೇಂದ್ರದ ಮುದ್ರೆ. ಯಾರ ಹೆಸರೂ ಅದರಲ್ಲಿಲ್ಲ. ಯಾನ್ಯಾ ಅವರಿಗೆ ಅದು ಕೊರತೆ ಅನ್ನಿಸಿಯೇ ಇಲ್ಲ. ಇನ್ನೆರಡು ವರ್ಷಕ್ಕೆ ನಿವೃತ್ತಿ. ಮಂಡಿ ಸವೆದಿದೆ, ಹನ್ನೊಂದು ಕಿಲೋಮೀಟರು ಈಗ ಹದಿನೈದರಂತೆ ಅನ್ನಿಸುತ್ತದೆ.

ಹೊರಡುವ ಮುಂಚೆ ಫೋಟೊಗೆ ನಿಲ್ಲಿ ಎಂದು ಕೇಳಿದೆ. ಹೋರಿಗಳ ನಡುವೆ, ಕೈಯಲ್ಲಿ ಮೇವು ಹಿಡಿದು. ಅವರು ಕೈ ಅಡ್ಡ ಹಿಡಿದರು.

"ನನ್ನ ಫೋಟೊ ಬೇಡ. ಆ ಜಾಗ ಎಷ್ಟು ಬರತ್ತೆ ನಿಮ್ಮ ಪೇಪರಲ್ಲಿ? ಅಷ್ಟರಲ್ಲಿ ಆ ಪತ್ರದ ಸಾಲು ಹಾಕಿ. ಆ ಪತ್ರ ಎವಿತ್ಸಾ ಮೇಜಿನ ಖಾನೇಲಿದೆ, ಇನ್ನೊಂದು ಕಚೇರಿ ಕಪಾಟಲ್ಲಿದೆ. ಊರಲ್ಲಿ ಯಾರೂ ನೋಡಿಲ್ಲ. ಆದ್ರೆ ನಿಮ್ಮ ಪುರವಣಿ ಶನಿವಾರ ಕ್ಷೌರದಂಗಡೀಲಿ, ಪಾನಗೃಹದಲ್ಲಿ ಎಲ್ಲಾ ಕಡೆ ಬಿದ್ದಿರತ್ತೆ. ಮೊದಲನೇ ಸುದ್ದಿ ನೀವೇ ಹಾಕಿದ್ರಿ. ಇದನ್ನೂ ನೀವೇ ಹಾಕಿ. ಹೆಸರು ಪೂರ್ತಿ ಹಾಕಿ."

ಆದ್ದರಿಂದ ಈ ಲೇಖನದ ಜತೆ ಚಿತ್ರವಿಲ್ಲ. ಪತ್ರದ ಎರಡನೇ ಪ್ಯಾರಾದಲ್ಲಿರುವ ಸಾಲು ಇದು:

'ಮೇವು ಕಲಸುವ ಗಾಡಿಯ ಚಾಲಕರಾಗಿದ್ದ ಸ್ತಾರಿ ಯಾಸೆನ್‌ನ ಆದಮ್ ಲುಕಾಚೆವಿಚ್ ಅವರು ತಮಗೆ ಕೊಟ್ಟ ಪಟ್ಟಿಯಂತೆಯೇ ಸರಿಯಾಗಿ ತೂಗಿ ಕಲಸಿದ್ದರು; ಅವರಿಂದ ಯಾವ ತಪ್ಪೂ ಆಗಿಲ್ಲ.'